ಮ್ಯಾಶ್ ಬೌಲ್: ತಳ ಗಟ್ಟಿಯಿರಲಿ, ಮೇಲಿನದು ಅವರವರ ಇಷ್ಟ

ನಡುವೆ ಒಂದು ಪಾತ್ರೆ ಬಿಸಿ ಆಲೂಗಡ್ಡೆ ಮ್ಯಾಶ್ (ಬೇಯಿಸಿ ನುರಿದ ಆಲೂಗಡ್ಡೆ), ಪಕ್ಕದಲ್ಲಿ ಐದಾರು ಬಗೆಯ ಟಾಪಿಂಗ್. ಪ್ರತಿಯೊಬ್ಬರೂ ತಮಗೆ ಬೇಕಾದ್ದನ್ನು ಬೇಕಾದಷ್ಟು ಹಾಕಿಕೊಂಡು ತಮ್ಮ ಬಟ್ಟಲು ತಾವೇ ಕಟ್ಟಿಕೊಳ್ಳುತ್ತಾರೆ. ಖಾರ ಬೇಡವೆನ್ನುವ ಮಗು, ಮಾಂಸ ಮುಟ್ಟದವರು, ಹಾಲು ಒಗ್ಗದವರು, ಎರಡೆರಡು ಸಲ ಬಡಿಸಿಕೊಳ್ಳುವ ಹದಿಹರೆಯದವರು, ಹೀಗೆ ಎಲ್ಲರಿಗೂ ಒಂದೇ ಅಡುಗೆಯಲ್ಲಿ ಊಟ ಆಗುತ್ತದೆ.

ಈ ಊಟ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಮ್ಯಾಶ್ ತೆಳ್ಳಗಾಗಿರುತ್ತದೆ. ತಟ್ಟೆಯ ಬದಿಗೆ ಬಡಿಸುವ ಮ್ಯಾಶ್‌ನ ಹದ ಬೇರೆ, ಬಟ್ಟಲಿನ ತಳಕ್ಕೆ ಹಾಕುವ ಮ್ಯಾಶ್‌ನ ಹದ ಬೇರೆ. ಬಟ್ಟಲಿನಲ್ಲಿ ಅದರ ಮೇಲೆ ಗ್ರೇವಿ ಬೀಳುತ್ತದೆ, ಕಾಳಿನ ರಸ ಇಳಿಯುತ್ತದೆ, ಚೀಸ್ ಕರಗುತ್ತದೆ, ಮೊಟ್ಟೆಯ ಹಳದಿ ಹರಿಯುತ್ತದೆ. ಮೊದಲೇ ಸಡಿಲವಾಗಿದ್ದ ಮ್ಯಾಶ್ ಇಷ್ಟೆಲ್ಲ ತೇವ ಸೇರಿದ ಮೇಲೆ ಐದೇ ನಿಮಿಷದಲ್ಲಿ ಗಂಜಿಯಾಗುತ್ತದೆ. ತೇವ ಬರಬೇಕಾದ್ದು ಮೇಲಿನಿಂದ. ತಳ ಗಟ್ಟಿಯಾಗಿ, ಆದರೆ ಒಣಕಲಾಗದೆ ನಿಲ್ಲಬೇಕು. ಹದ ನೋಡುವುದು ಸುಲಭ: ಮ್ಯಾಶ್‌ನಲ್ಲಿ ಸೌಟಿನ ಬೆನ್ನಿನಿಂದ ಒಂದು ಗುಳಿ ಒತ್ತಿ. ಒಂದು ನಿಮಿಷವಾದರೂ ಅಂಚು ಕುಸಿಯದೆ ಗುಳಿ ಗುಳಿಯಾಗಿಯೇ ಇದ್ದರೆ ಸರಿ.

ಫ್ರಾನ್ಸಿನ ಬಾಣಸಿಗ ಜೋಯೆಲ್ ರೊಬುಶೊಂ ಹೆಸರುವಾಸಿಯಾಗಿಸಿದ ಮ್ಯಾಶ್‌ನಲ್ಲಿ 1 ಕೆಜಿ ಆಲೂಗಡ್ಡೆಗೆ 250 ಗ್ರಾಂ ಬೆಣ್ಣೆ ಬೀಳುತ್ತದೆ. ಅದು ಚಮಚದಲ್ಲಿ ಒಂದಿಷ್ಟೇ ತಿನ್ನುವ ಪದಾರ್ಥವಾಗಿ ಅದ್ಭುತ. ಬಟ್ಟಲಿನ ತಳಕ್ಕೆ ಅದು ಒಗ್ಗುವುದಿಲ್ಲ, ಮೇಲಿಟ್ಟಿದ್ದೆಲ್ಲ ಮುಳುಗುತ್ತದೆ.

ನಾಲ್ವರಿಗೆ ಅಳತೆ

- ಸಿಪ್ಪೆ ತೆಗೆದ ಆಲೂಗಡ್ಡೆ 1 ಕೆಜಿ (ಸಿಪ್ಪೆ ಸಮೇತ ಸುಮಾರು 1.2 ಕೆಜಿ)
- ಉಪ್ಪಿಲ್ಲದ ಬೆಣ್ಣೆ 75 ಗ್ರಾಂ, ಹೊರಗಿಟ್ಟು ಮೆತ್ತಗಾಗಿಸಿದ್ದು
- ಕೆನೆಯಿರುವ ಹಾಲು 150 ಮಿಲಿ, ಬಿಸಿ ಮಾಡಿದ್ದು. ಕೊನೆಗೆ ಬೇಕಾದರೆ ಇನ್ನೂ 30 ಮಿಲಿ
- ಬೇಯಿಸುವ ನೀರಿಗೆ ಲೀಟರಿಗೆ 10 ಗ್ರಾಂ ಉಪ್ಪು, ಅಂದರೆ ಎರಡು ಟೀ ಚಮಚದಷ್ಟು
- ಕೊನೆಗೆ ಸೇರಿಸಲು ಅರ್ಧ ಟೀ ಚಮಚ ಉಪ್ಪು, ಕಾಲು ಟೀ ಚಮಚ ಕಾಳುಮೆಣಸಿನ ಪುಡಿ

ಇಷ್ಟರಿಂದ ಸುಮಾರು 1.2 ಕೆಜಿ ಮ್ಯಾಶ್ ಸಿಗುತ್ತದೆ. ದೊಡ್ಡವರಿಗೆ ತಲಾ 250 ಗ್ರಾಂ, ಚಿಕ್ಕ ಮಕ್ಕಳಿಗೆ 120ರಿಂದ 150 ಗ್ರಾಂ ಲೆಕ್ಕ ಹಾಕಿ. ಟಾಪಿಂಗ್‌ಗಳಲ್ಲಿ ತಲೆಗೆ 80-100 ಗ್ರಾಂ ಪ್ರೋಟೀನ್ ಇರುವ ಪದಾರ್ಥ, ಅಷ್ಟೇ ತರಕಾರಿ, 70-80 ಮಿಲಿ ಗ್ರೇವಿ, 25 ಗ್ರಾಂ ಚೀಸ್, ಒಂದೆರಡು ದೊಡ್ಡ ಚಮಚ ಕುರುಕಲು ಸಾಕು. ಪ್ರತಿಯೊಂದರಲ್ಲೂ ಸ್ವಲ್ಪ ಹೆಚ್ಚೇ ಮಾಡುವುದು ಒಳ್ಳೆಯದು, ಏಕೆಂದರೆ ಆಯ್ಕೆ ಎದುರಿಗಿದ್ದಾಗ ಎಲ್ಲರೂ ಒಂದೇ ಪಾತ್ರೆಗೆ ಕೈ ಹಾಕುವುದುಂಟು.

ಆಲೂಗಡ್ಡೆಯ ಆಯ್ಕೆ

ಆಲೂಗಡ್ಡೆಯಲ್ಲಿ ಸ್ಥೂಲವಾಗಿ ಎರಡು ಜಾತಿ. ಪಿಷ್ಟ ಹೆಚ್ಚಿದ್ದು ಬೆಂದಾಗ ಹಿಟ್ಟಿನಂತೆ ಉದುರಾಗುತ್ತದೆ: ರಸೆಟ್, ಮಾರಿಸ್ ಪೈಪರ್, ಕಿಂಗ್ ಎಡ್ವರ್ಡ್ ಈ ಬಗೆಯವು. ಪಿಷ್ಟ ಕಡಿಮೆಯಿದ್ದು ನೀರಿನಂಶ ಹೆಚ್ಚಿರುವುದು ಬೆಂದ ಮೇಲೂ ಹೋಳಾಗಿಯೇ ನಿಲ್ಲುತ್ತದೆ. ಸಲಾಡ್‌ಗೆ ಅದು ಚೆಂದ, ಮ್ಯಾಶ್‌ಗೆ ಬೇಡ. ಅದನ್ನು ನುರಿಯಲು ಬಲ ಹಾಕಬೇಕಾಗುತ್ತದೆ, ಬಲ ಹಾಕಿದಷ್ಟೂ ಜಿಗುಟಾಗುತ್ತದೆ. ಇವೆರಡರ ನಡುವಿನ ಯೂಕಾನ್ ಗೋಲ್ಡ್‌ನಂಥ ಹಳದಿ ತಿರುಳಿನ ಆಲೂಗಡ್ಡೆಗೆ ರುಚಿಯೂ ಇದೆ, ಮ್ಯಾಶ್ ನುಣುಪಾಗಿಯೂ ಬರುತ್ತದೆ. ಬಟ್ಟಲಿಗೆ ನಮ್ಮ ಮೊದಲ ಆಯ್ಕೆ ಅರ್ಧ ಉದುರಾಗುವ ಜಾತಿ, ಅರ್ಧ ಹಳದಿ ಜಾತಿ. ಸಿಗುವುದು ಒಂದೇ ಬಗೆಯಾದರೆ, ಯಾವ ಜಾತಿಯೆಂದು ಗೊತ್ತಿಲ್ಲದಿದ್ದರೆ, ಒಂದನ್ನು ಬೇಯಿಸಿ ಫೋರ್ಕ್‌ನಿಂದ ಒತ್ತಿ ನೋಡಿ. ಪುಡಿಪುಡಿಯಾಗಿ ಬಿಚ್ಚಿಕೊಂಡರೆ ಸರಿ, ಮೇಣದಂತೆ ಜಾರಿದರೆ ಬೇರೆ ತನ್ನಿ.

ಎಳೆಯ, ತೆಳು ಸಿಪ್ಪೆಯ ಹೊಸ ಆಲೂಗಡ್ಡೆ ಬೇಡ. ಹಸಿರು ತಿರುಗಿದ್ದು, ಬಹಳ ಮೊಳಕೆ ಬಂದದ್ದು, ಬಾಯಿಗೆ ಕಹಿ ಹತ್ತುವುದು ಎಸೆಯುವಂಥದ್ದೇ. ಅದರಲ್ಲಿ ಸೋಲನೈನ್ ಎಂಬ ವಿಷ ಹೆಚ್ಚಿರುತ್ತದೆ, ಬೇಯಿಸಿದರೂ ಅದು ಹೋಗುವುದಿಲ್ಲ. ಹಸಿ ಆಲೂಗಡ್ಡೆಯನ್ನು ಫ್ರಿಜ್‌ನಲ್ಲಿಡಬೇಡಿ. ಚಳಿಗೆ ಪಿಷ್ಟದ ಒಂದು ಭಾಗ ಸಕ್ಕರೆಯಾಗಿ ಮಾರ್ಪಟ್ಟು ಮ್ಯಾಶ್‌ಗೆ ಬೇಡದ ಸಿಹಿ ಬರುತ್ತದೆ. ಕತ್ತಲಿರುವ, ಗಾಳಿಯಾಡುವ, ತಂಪು ಜಾಗದಲ್ಲಿಡಿ.

ಬೇಯಿಸುವುದು

ಸಿಪ್ಪೆ ತೆಗೆದು ಎಲ್ಲವನ್ನೂ ಒಂದೇ ಗಾತ್ರಕ್ಕೆ, ಸುಮಾರು 4 ಸೆಂ.ಮೀ. ಹೋಳುಗಳಾಗಿ ಹೆಚ್ಚಿ. ತೀರಾ ಚಿಕ್ಕದಾಗಿ ಹೆಚ್ಚಿದರೆ ನೀರು ಕುಡಿದು ಸಪ್ಪೆಯಾಗುತ್ತದೆ. ಗಾತ್ರ ಹೆಚ್ಚುಕಡಿಮೆಯಾದರೆ ಒಂದು ಕರಗಿಹೋಗುವಾಗ ಇನ್ನೊಂದರ ನಡುವೆ ಗಟ್ಟಿ ಉಳಿಯುತ್ತದೆ, ಮ್ಯಾಶ್‌ನಲ್ಲಿ ಸಿಗುವ ಗಂಟುಗಳೆಲ್ಲ ಅವೇ. ಹೆಚ್ಚಿದ ಹೋಳುಗಳನ್ನು ನೀರಿನಲ್ಲಿ ಹಾಕುತ್ತ ಹೋಗಿ, ಇಲ್ಲವಾದರೆ ಕಂದು ತಿರುಗುತ್ತವೆ. ಒಂದೆರಡು ಸಲ ತೊಳೆದು ಮೇಲ್ಮೈಯ ಸಡಿಲ ಪಿಷ್ಟ ಕಳೆಯಿರಿ.

ಪಾತ್ರೆಗೆ ಹಾಕಿ, ಹೋಳುಗಳ ಮೇಲೆ ಎರಡು ಬೆರಳು ನಿಲ್ಲುವಷ್ಟು ತಣ್ಣೀರು ಸುರಿದು, ಉಪ್ಪು ಹಾಕಿ, ಆಮೇಲೆ ಒಲೆ ಹಚ್ಚಿ. ಕುದಿಯುವ ನೀರಿಗೆ ಹಾಕಿದರೆ ಹೊರಮೈ ಬೆಂದು ಚದುರುವ ಹೊತ್ತಿಗೂ ಒಳಗೆ ಹಸಿಯಿರುತ್ತದೆ. ಉಪ್ಪನ್ನು ಈಗಲೇ ಹಾಕುವುದು ಮುಖ್ಯ: ಹೋಳಿನ ಒಳಕ್ಕೆ ಇಳಿದ ಉಪ್ಪಿನ ರುಚಿ ಕೊನೆಯಲ್ಲಿ ಬೆರೆಸಿದ ಉಪ್ಪಿಗೆ ಬರುವುದಿಲ್ಲ. ನೀರಿಗೆ ನಿಂಬೆರಸ, ವಿನೆಗರ್, ಟೊಮೆಟೊ ಯಾವುದೂ ಬೇಡ. ಹುಳಿಯಿದ್ದರೆ ಕೋಶಗಳನ್ನು ಹಿಡಿದಿರುವ ಪೆಕ್ಟಿನ್ ಬೇಗ ಸಡಿಲವಾಗುವುದಿಲ್ಲ, ಎಷ್ಟು ಹೊತ್ತು ಬೇಯಿಸಿದರೂ ಹೋಳು ಗಟ್ಟಿಯೇ. ಗಡಸು ನೀರಿನ ಕ್ಯಾಲ್ಸಿಯಂ ಕೂಡ ಇದೇ ತೊಂದರೆ ಕೊಡುತ್ತದೆ. ಅಂಥ ನೀರಿದ್ದಲ್ಲಿ ಕುಡಿಯಲು ಸೋಸಿದ ನೀರನ್ನೇ ಬಳಸಿ.

ಕುದಿ ಬಂದ ಕೂಡಲೇ ಉರಿ ತಗ್ಗಿಸಿ. ನೀರು ಸಣ್ಣಗೆ ಕುದಿಯುತ್ತಿರಲಿ, ಕೊತಕೊತ ಕುದಿತಕ್ಕೆ ಹೋಳುಗಳು ಒಂದಕ್ಕೊಂದು ತಾಗಿ ಸವೆಯುತ್ತವೆ. 15ರಿಂದ 20 ನಿಮಿಷ ಬೇಕು. ತೆಳು ಚಾಕುವನ್ನು ದೊಡ್ಡ ಹೋಳಿಗೆ ಚುಚ್ಚಿ ಎತ್ತಿ: ಹೋಳು ಚಾಕುವಿಗೆ ಅಂಟಿಕೊಂಡು ಮೇಲೆ ಬಂದರೆ ಇನ್ನೂ ಆಗಿಲ್ಲ, ತಾನಾಗಿ ಜಾರಿ ಬಿದ್ದರೆ ಆಯಿತು.

ಕುಕ್ಕರಿನಲ್ಲಿ ಮಾಡುವವರು ಆಲೂಗಡ್ಡೆಯನ್ನು ನೀರಿನಲ್ಲಿ ಮುಳುಗಿಸಬೇಡಿ. ತಳದಲ್ಲಿ ಒಂದು ಲೋಟ ನೀರು, ಅದರ ಮೇಲೆ ಸ್ಟ್ಯಾಂಡ್, ಸ್ಟ್ಯಾಂಡಿನ ಮೇಲೆ ತೂತಿನ ತಟ್ಟೆಯಲ್ಲಿ ಸಿಪ್ಪೆ ಸಮೇತ ಎರಡು ಹೋಳು ಮಾಡಿದ ಮಧ್ಯಮ ಗಾತ್ರದ ಆಲೂಗಡ್ಡೆ. ಮೂರು ವಿಸಿಲ್ ಆದಮೇಲೆ ಒಲೆ ಆರಿಸಿ, ಆವಿ ತಾನಾಗಿ ಇಳಿಯಲಿ. ಆಮೇಲೆ ಬಿಸಿಯಿರುವಾಗಲೇ ಸಿಪ್ಪೆ ಸುಲಿಯಿರಿ. ಹಬೆಯಲ್ಲಿ ಬೆಂದದ್ದು ನೀರು ಕಡಿಮೆ ಹೀರಿರುತ್ತದೆ, ಹಾಗಾಗಿ ಬಟ್ಟಲಿಗೆ ಇದು ಒಳ್ಳೆಯ ದಾರಿಯೇ. ಉಪ್ಪು ಒಳಗೆ ಇಳಿಯದ ಕಾರಣ ಕೊನೆಯಲ್ಲಿ ಒಂದೂವರೆ ಟೀ ಚಮಚದವರೆಗೆ ಬೇಕಾಗಬಹುದು. ರುಚಿ ನೋಡುತ್ತ ಹಾಕಿ.

ಒಣಗಿಸದೆ ನುರಿಯಬೇಡಿ

ಬಹಳಷ್ಟು ಜನ ಬಿಡುವ ಹೆಜ್ಜೆ ಇದು. ನೀರನ್ನು ಪೂರ್ತಿ ಬಸಿದು, ಹೋಳುಗಳನ್ನು ಖಾಲಿ ಪಾತ್ರೆಗೆ ಮರಳಿ ಹಾಕಿ ಸಣ್ಣ ಉರಿಯ ಮೇಲಿಡಿ. ಪಾತ್ರೆಯನ್ನು ಆಗಾಗ ಅಲುಗಾಡಿಸುತ್ತ ಎರಡು ನಿಮಿಷ ಬಿಡಿ. ಮೊದಲು ದಟ್ಟವಾಗಿ ಹಬೆ ಏಳುತ್ತದೆ, ಆಮೇಲೆ ಕಡಿಮೆಯಾಗುತ್ತದೆ. ಹೋಳುಗಳ ಅಂಚು ಬಿಳುಪೇರಿ ಹಿಟ್ಟು ಸವರಿದಂತೆ ಮಂಕಾಗುತ್ತದೆ, ಪಾತ್ರೆಯ ತಳದಲ್ಲಿ ತೆಳ್ಳಗೆ ಬಿಳಿ ಪದರ ಹತ್ತುತ್ತದೆ. ಅಲ್ಲಿಗೆ ನಿಲ್ಲಿಸಿ. ಹೋಗಬೇಕಾದ ನೀರು ಹೋದರೆ ಆ ಜಾಗವನ್ನು ಬೆಣ್ಣೆ, ಹಾಲು ತುಂಬುತ್ತವೆ. ಹೋಗದಿದ್ದರೆ ಎಷ್ಟು ಬೆಣ್ಣೆ ಹಾಕಿದರೂ ಮ್ಯಾಶ್ ನೀರುನೀರಾಗಿ ಸಪ್ಪೆಯಾಗಿರುತ್ತದೆ.

ಈಗ ನುರಿಯುವುದು, ಬಿಸಿಯಿರುವಾಗಲೇ. ರೈಸರ್ (ಶಾವಿಗೆ ಒರಳಿನಂತೆ ಒತ್ತುವ ಸಾಧನ) ಇದ್ದರೆ ಅದೇ ಎಲ್ಲಕ್ಕಿಂತ ಒಳ್ಳೆಯದು: ಹೋಳು ಒಂದೇ ಸಲ ತೂತುಗಳಿಂದ ಇಳಿದುಬಿಡುತ್ತದೆ, ಮತ್ತೆ ಮತ್ತೆ ಕಲಸುವ ಪ್ರಶ್ನೆಯಿಲ್ಲ. ಕೈ ಮ್ಯಾಷರ್ ಆದರೂ ನಡೆಯುತ್ತದೆ, ನೇರ ಮೇಲಿನಿಂದ ಕೆಳಕ್ಕೆ ಒತ್ತಿ, ಅತ್ತಿತ್ತ ಉಜ್ಜಬೇಡಿ. ಎರಡೂ ಇಲ್ಲದಿದ್ದರೆ ದಪ್ಪ ಕಣ್ಣಿನ ಸ್ಟೀಲ್ ಜರಡಿಯನ್ನು ಪಾತ್ರೆಯ ಮೇಲೆ ಬೋರಲು ಹಾಕಿ ಮರದ ಸೌಟಿನಿಂದ ಒತ್ತಿ ಇಳಿಸಿ.

ಮಿಕ್ಸಿ, ಬ್ಲೆಂಡರ್, ಫುಡ್ ಪ್ರೊಸೆಸರ್ ಬೇಡವೇ ಬೇಡ. ಕಾರಣ ಗೊತ್ತಿದ್ದರೆ ಆಸೆಯೂ ಆಗುವುದಿಲ್ಲ. ಆಲೂಗಡ್ಡೆಯ ಪ್ರತಿ ಜೀವಕೋಶದೊಳಗೂ ಪಿಷ್ಟದ ಕಣಗಳಿವೆ. ಬೇಯುವಾಗ 60-70 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಅವು ನೀರು ಹೀರಿ ಉಬ್ಬುತ್ತವೆ. ಬಿಸಿ ಇನ್ನೂ ಏರಿದಾಗ ಕೋಶಗಳ ನಡುವಿನ ಪೆಕ್ಟಿನ್ ಕರಗಿ ಕೋಶಗಳು ಬಿಡಿಬಿಡಿಯಾಗುತ್ತವೆ. ಒಳ್ಳೆಯ ಮ್ಯಾಶ್ ಎಂದರೆ ಒಡೆಯದೆ ಬಿಡಿಯಾದ ಕೋಶಗಳ ರಾಶಿ. ತಿರುಗುವ ಬ್ಲೇಡ್ ಆ ಕೋಶಗಳನ್ನು ಸೀಳುತ್ತದೆ, ಒಳಗಿನ ಉಬ್ಬಿದ ಪಿಷ್ಟವೆಲ್ಲ ಹೊರಗೆ ಬರುತ್ತದೆ, ಅರ್ಧ ನಿಮಿಷದಲ್ಲಿ ಪಾತ್ರೆಯ ತುಂಬ ಗೋಂದು. ಕೈಯಲ್ಲೇ ಆದರೂ ಹತ್ತು ನಿಮಿಷ ಕಲಸಿದರೆ ಗತಿ ಇದೇ.

ಮೊದಲು ಬೆಣ್ಣೆ, ಆಮೇಲೆ ಹಾಲು

ನುರಿದ ಆಲೂಗಡ್ಡೆಗೆ ಮೆತ್ತಗಿನ ಬೆಣ್ಣೆಯನ್ನು ಮೂರು ಸಲ ಹಾಕಿ, ಅಗಲ ಸ್ಪ್ಯಾಚುಲಾದಿಂದ ತಳದಿಂದ ಮೇಲಕ್ಕೆ ಮಗುಚಿ ಬೆರೆಸಿ. ಬೆಣ್ಣೆಯ ಜಿಡ್ಡು ಪಿಷ್ಟವನ್ನು ಮೊದಲೇ ಆವರಿಸಿಕೊಂಡರೆ ಆಮೇಲೆ ಬೀಳುವ ಹಾಲಿನ ನೀರಿನಂಶ ಅದನ್ನು ಅಷ್ಟು ಸುಲಭಕ್ಕೆ ಜಿಗುಟು ಮಾಡಲಾರದು. ಬೆಣ್ಣೆ ಕಾಣದಾದ ಮೇಲೆ ಬಿಸಿ ಹಾಲನ್ನು 50 ಮಿಲಿಯಂತೆ ಸೇರಿಸಿ. 100 ಮಿಲಿ ಆದಮೇಲೆ ನಿಲ್ಲಿಸಿ ಗುಳಿ ಪರೀಕ್ಷೆ ಮಾಡಿ. ಕೆಲವು ಆಲೂಗಡ್ಡೆಗೆ ಅಷ್ಟೇ ಸಾಕು, ಕೆಲವಕ್ಕೆ 150 ಬೇಕು. ತಣ್ಣನೆಯ ಹಾಲು ಸುರಿದರೆ ಮ್ಯಾಶ್ ತಣ್ಣಗಾಗುತ್ತದೆ, ಬೆಣ್ಣೆ ಅಲ್ಲಲ್ಲಿ ಹೆಪ್ಪುಗಟ್ಟುತ್ತದೆ, ಮತ್ತೆ ಬಿಸಿ ಮಾಡಲು ಹೋಗಿ ಕಲಸುವುದು ಹೆಚ್ಚಾಗುತ್ತದೆ.

ರುಚಿ ತುಂಬುವ ಜಾಗ ಈ ಹಾಲೇ. ಜಜ್ಜಿದ 4 ಎಸಳು ಬೆಳ್ಳುಳ್ಳಿಯನ್ನೋ ಅರ್ಧ ಲೋಟ ಹೆಚ್ಚಿದ ಈರುಳ್ಳಿ ಹೂವನ್ನೋ ಹಾಲಿನಲ್ಲಿ ಹಾಕಿ ಸಣ್ಣ ಉರಿಯಲ್ಲಿ ಐದು ನಿಮಿಷ ಇಟ್ಟರೆ ಮ್ಯಾಶ್‌ಗೆಲ್ಲ ಆ ಪರಿಮಳ ಹರಡುತ್ತದೆ. ಮಕ್ಕಳಿದ್ದರೆ ಮ್ಯಾಶ್ ಸಾದಾ ಇರಲಿ, ಖಾರ-ಮಸಾಲೆಯೆಲ್ಲ ಟಾಪಿಂಗ್‌ನಲ್ಲಿರಲಿ. ಆಗ ಯಾರಿಗೂ ಬೇರೆ ಪಾತ್ರೆ ಬೇಡ.

ಹಾಲು ಒಗ್ಗದವರು ಇದ್ದರೆ ಅವರ ಪಾಲನ್ನು ಬೆಣ್ಣೆ ಹಾಕುವ ಮುಂಚೆಯೇ ತೆಗೆದಿಡಿ. 1 ಕೆಜಿಗೆ 60 ಮಿಲಿ ಆಲಿವ್ ಎಣ್ಣೆ ಅಥವಾ ಯಾವುದಾದರೂ ಮೃದು ವಾಸನೆಯ ಎಣ್ಣೆ, ಜೊತೆಗೆ 120-150 ಮಿಲಿ ಬಿಸಿ ತರಕಾರಿ ಸ್ಟಾಕ್ (ತರಕಾರಿ ಕುದಿಸಿ ಸೋಸಿದ ರಸ) ಅಥವಾ ಸಿಹಿಯಿಲ್ಲದ ಸೋಯಾ ಹಾಲು. ಆಲೂಗಡ್ಡೆ ಬೆಂದ ನೀರನ್ನೇ ಬಳಸಬಹುದು, ಅದರಲ್ಲಿ ಉಪ್ಪಿರುವುದು ನೆನಪಿರಲಿ. ಬಾದಾಮಿ ಹಾಲು ತೆಳು, ಸಪ್ಪೆ.

ಟಾಪಿಂಗ್: ಐದು ಗುಣ, ಐದೇ ಪಾತ್ರೆ

ಮ್ಯಾಶ್ ಮೆತ್ತಗೆ, ಜಿಡ್ಡಾಗಿ, ಸೌಮ್ಯವಾಗಿರುತ್ತದೆ. ಅದರ ಮೇಲೆ ಇನ್ನಷ್ಟು ಮೆತ್ತಗಿನದನ್ನೇ ಹಾಕುತ್ತ ಹೋದರೆ ಆರನೇ ತುತ್ತಿಗೆ ಬೇಸರ ಬರುತ್ತದೆ. ಆದ್ದರಿಂದ ಮೇಜಿನ ಮೇಲೆ ಒಂದು ರಸಭರಿತವಾದದ್ದು, ಒಂದು ಹೊಟ್ಟೆ ತುಂಬಿಸುವಂಥದ್ದು, ಒಂದು ತರಕಾರಿ, ಒಂದು ಕುರುಕಲು, ಒಂದು ಹುಳಿ ಇರಲೇಬೇಕು. ಚೀಸ್ ಬೇಕಿದ್ದರೆ ಆರನೆಯದು. ಒಂದೇ ಗುಣದ ಮೂರು ಪಾತ್ರೆ ಇಡುವುದಕ್ಕಿಂತ ಐದು ಗುಣದ ಐದು ಪಾತ್ರೆ ಲೇಸು. ಸಾಮಾನ್ಯವಾಗಿ ಮರೆತುಹೋಗುವುದು ಹುಳಿ, ಊಟದ ಕಳೆಯೇ ಬದಲಾಗುವುದೂ ಅದರಿಂದಲೇ.

*ಅಣಬೆ ಗ್ರೇವಿ.* 250 ಗ್ರಾಂ ಅಣಬೆಯನ್ನು ಅರ್ಧ ಸೆಂ.ಮೀ. ದಪ್ಪಕ್ಕೆ ಹೆಚ್ಚಿ, ಅಗಲ ಬಾಣಲೆಯಲ್ಲಿ ದೊಡ್ಡ ಉರಿಯಲ್ಲಿ ಎಣ್ಣೆಯಿಲ್ಲದೆ ಹುರಿಯಿರಿ. ಮೊದಲು ನೀರು ಬಿಡುತ್ತದೆ. ಆ ನೀರು ಪೂರ್ತಿ ಇಂಗಿ ಅಣಬೆ ಕಂದಾಗತೊಡಗುವವರೆಗೆ, ಅಂದರೆ 7-8 ನಿಮಿಷ, ಕಾಯಲೇಬೇಕು. ಒಂದು ದೊಡ್ಡ ಚಮಚ ಬೆಣ್ಣೆ, ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ, ಎರಡು ಎಸಳು ಬೆಳ್ಳುಳ್ಳಿ ಹಾಕಿ ಐದು ನಿಮಿಷ ಬಾಡಿಸಿ. ಈಗ 30 ಗ್ರಾಂ ಬೆಣ್ಣೆ, ಅದು ಕರಗಿದ ಮೇಲೆ 30 ಗ್ರಾಂ ಮೈದಾ ಹಾಕಿ, ಹಸಿ ವಾಸನೆ ಹೋಗಿ ತಿಳಿ ಕಂದು ಬರುವವರೆಗೆ ಎರಡು ಮೂರು ನಿಮಿಷ ಹುರಿಯಿರಿ. 500 ಮಿಲಿ ಸ್ಟಾಕನ್ನು ಒಂದೊಂದೇ ಸೌಟು ಸೇರಿಸಿ; ಮೊದಲ ಸೌಟು ಪೂರ್ತಿ ಬೆರೆತು ಮುದ್ದೆಯಾದ ಮೇಲೆಯೇ ಎರಡನೆಯದು. ಅವಸರದಲ್ಲಿ ಒಮ್ಮೆಗೇ ಸುರಿದರೆ ಮೈದಾ ಗಂಟುಕಟ್ಟುತ್ತದೆ. ಒಂದು ಟೀ ಚಮಚ ಸೋಯಾ ಸಾಸ್, ಅರ್ಧ ಟೀ ಚಮಚ ಕಾಳುಮೆಣಸು ಹಾಕಿ 5-6 ನಿಮಿಷ ಸಣ್ಣಗೆ ಕುದಿಸಿ. ಸೌಟಿನ ಬೆನ್ನಿಗೆ ಹತ್ತಿದ ಗ್ರೇವಿಯಲ್ಲಿ ಬೆರಳಿನಿಂದ ಗೆರೆ ಎಳೆದರೆ ಗೆರೆ ಮುಚ್ಚಿಕೊಳ್ಳಬಾರದು, ಅದೇ ಹದ. ಉಪ್ಪು ಕೊನೆಗೆ, ಸ್ಟಾಕ್ ಕ್ಯೂಬ್, ಸೋಯಾ ಸಾಸ್ ಎರಡರಲ್ಲೂ ಉಪ್ಪು ಜೋರಾಗಿಯೇ ಇರುತ್ತದೆ. ಗೋಧಿ ಒಗ್ಗದವರಿಗೆ ಮೈದಾ ಬಿಟ್ಟು, 500 ಮಿಲಿಗೆ ಎರಡು ದೊಡ್ಡ ಚಮಚ ಕಾರ್ನ್‌ಫ್ಲೋರನ್ನು ತಣ್ಣೀರಿನಲ್ಲಿ ಕದಡಿ ಕುದಿಯುವ ಸ್ಟಾಕ್‌ಗೆ ಸೇರಿಸಿ. ಸೋಯಾ ಸಾಸ್‌ನಲ್ಲೂ ಸಾಮಾನ್ಯವಾಗಿ ಗೋಧಿ ಇರುತ್ತದೆ, ಅದನ್ನೂ ಬಿಡಿ ಅಥವಾ ಗೋಧಿಯಿಲ್ಲದ್ದನ್ನು ತನ್ನಿ.

*ಚಿಕನ್.* ಮೂಳೆಯಿಲ್ಲದ ತೊಡೆಯ ಭಾಗ 500 ಗ್ರಾಂ, 2 ಸೆಂ.ಮೀ. ತುಂಡುಗಳು. ಮುಕ್ಕಾಲು ಟೀ ಚಮಚ ಉಪ್ಪು, ಒಂದು ಟೀ ಚಮಚ ಮೆಣಸಿನ ಪುಡಿ, ಒಂದು ದೊಡ್ಡ ಚಮಚ ಎಣ್ಣೆ ಸವರಿ ಚೆನ್ನಾಗಿ ಕಾದ ಅಗಲ ಬಾಣಲೆಯಲ್ಲಿ ಒಂದೇ ಪದರವಾಗಿ ಹರಡಿ. ಮೂರು ನಿಮಿಷ ಮುಟ್ಟಬೇಡಿ, ಆಮೇಲೆ ತಿರುಗಿಸಿ 4-5 ನಿಮಿಷ. ಥರ್ಮಾಮೀಟರ್ ಇದ್ದರೆ ತುಂಡಿನ ನಡುವೆ 74 ಡಿಗ್ರಿ ನೋಡಿ. ಬಾಣಲೆ ತುಂಬಿಹೋದರೆ ಮಾಂಸ ನೀರು ಬಿಟ್ಟು ಬೇಯುತ್ತದೆ, ಹುರಿಯುವುದಿಲ್ಲ. ಎರಡು ಕಂತಿನಲ್ಲಿ ಮಾಡಿ. ಎದೆಯ ಭಾಗ ಬೇಗ ಒಣಗುತ್ತದೆ, ಅದಕ್ಕೇ ತೊಡೆ ಹೇಳಿದ್ದು.

*ಕಾಳು.* 150 ಗ್ರಾಂ ಒಣ ರಾಜ್ಮಾ ನೆನೆದು ಬೆಂದ ಮೇಲೆ 400 ಗ್ರಾಂ ಹತ್ತಿರ ಬರುತ್ತದೆ, ನಾಲ್ವರಿಗೆ ಸಾಕು. 8 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ. ಹಸಿ ರಾಜ್ಮಾದಲ್ಲಿ ಹೊಟ್ಟೆ ಕೆಡಿಸುವ ಲೆಕ್ಟಿನ್ ಇರುತ್ತದೆ, ಕನಿಷ್ಠ 10 ನಿಮಿಷ ಪೂರ್ತಿ ಕುದಿತದಲ್ಲಿ ಬೆಂದರೆ ಮಾತ್ರ ಅದು ನಾಶವಾಗುತ್ತದೆ. ಕುಕ್ಕರಿನಲ್ಲಿ ಚಿಂತೆಯಿಲ್ಲ, ಹಸಿ ಕಾಳನ್ನು ನೇರ ಸ್ಲೋ ಕುಕ್ಕರಿಗೆ ಹಾಕಬೇಡಿ, ಅದು ಅಷ್ಟು ಬಿಸಿಯೇರುವುದಿಲ್ಲ. ಒಂದು ಈರುಳ್ಳಿ, ಮೂರು ಎಸಳು ಬೆಳ್ಳುಳ್ಳಿ, 300 ಗ್ರಾಂ ಟೊಮೆಟೊ, ಅರ್ಧ ಟೀ ಚಮಚ ಜೀರಿಗೆ ಪುಡಿ, ಒಂದು ಟೀ ಚಮಚ ಮೆಣಸಿನ ಪುಡಿ ಹಾಕಿ ಎಣ್ಣೆ ಬಿಡುವವರೆಗೆ ಬಾಡಿಸಿ, ಬೆಂದ ಕಾಳು, 100 ಮಿಲಿ ಕಟ್ಟು ಸೇರಿಸಿ ಹತ್ತು ನಿಮಿಷ ಕುದಿಸಿ. ಒಂದು ಹಿಡಿ ಕಾಳನ್ನು ಪಾತ್ರೆಯ ಬದಿಗೆ ಒತ್ತಿ ಮಸೆದರೆ ರಸ ತಾನೇ ದಪ್ಪವಾಗುತ್ತದೆ.

ಮೊಟ್ಟೆ ಇನ್ನೂ ಸುಲಭ. ಕುದಿಯುವ ನೀರಿಗೆ ಇಳಿಸಿ ಏಳು ನಿಮಿಷ, ಕೂಡಲೇ ತಣ್ಣೀರಿಗೆ. ಹಳದಿ ಅರೆಗಟ್ಟಿಯಾಗಿ, ಮ್ಯಾಶ್ ಮೇಲೆ ಒಡೆದರೆ ನಿಧಾನ ಹರಡುವಂತಿರುತ್ತದೆ. ತೀರಾ ಚಿಕ್ಕ ಮಕ್ಕಳು, ಗರ್ಭಿಣಿಯರು, ವಯಸ್ಸಾದವರಿಗೆ ಹತ್ತು ಹನ್ನೆರಡು ನಿಮಿಷ ಪೂರ್ತಿ ಬೇಯಿಸಿ.

ತರಕಾರಿಯಲ್ಲಿ ನೆನಪಿಡಬೇಕಾದ್ದು ಒಂದೇ: ನೀರು ಬಿಡಬಾರದು. ಬ್ರೊಕೊಲಿ, ಹೂಕೋಸು, ಕ್ಯಾರೆಟ್ 500 ಗ್ರಾಂ, ಒಂದೂವರೆ ದೊಡ್ಡ ಚಮಚ ಎಣ್ಣೆ, 220 ಡಿಗ್ರಿ ಓವನ್‌ನಲ್ಲಿ 20-25 ನಿಮಿಷ, ಟ್ರೇಯಲ್ಲಿ ಒಂದಕ್ಕೊಂದು ತಾಗದಂತೆ. ಓವನ್ ಇಲ್ಲದಿದ್ದರೆ ಕಬ್ಬಿಣದ ಬಾಣಲೆಯಲ್ಲಿ ಮುಚ್ಚದೆ ಹುರಿಯಿರಿ. ಸಿಹಿ ಜೋಳದ ಕಾಳನ್ನು ಬಿಸಿ ಬಾಣಲೆಯಲ್ಲಿ 5-6 ನಿಮಿಷ ಅಲ್ಲಲ್ಲಿ ಚುಕ್ಕೆ ಬೀಳುವಂತೆ ಹುರಿದರೆ ಬೇಯಿಸಿದ್ದಕ್ಕಿಂತ ಎಷ್ಟೋ ರುಚಿ. ಪಾಲಕ್ ಹಾಕುವುದಾದರೆ ಬಾಡಿಸಿ ಹಿಂಡಿ ಹಾಕಿ.

ಕುರುಕಲಿಗೆ ಒಂದು ಲೋಟ ಒರಟು ಬ್ರೆಡ್ ಪುಡಿಯನ್ನು ಎರಡು ದೊಡ್ಡ ಚಮಚ ಬೆಣ್ಣೆಯಲ್ಲಿ 4-5 ನಿಮಿಷ ಹೊಂಬಣ್ಣಕ್ಕೆ ಹುರಿದು ತಟ್ಟೆಯಲ್ಲಿ ಹರಡಿ ಆರಿಸಿ. ಗರಿಗರಿಯಾಗಿ ಕರಿದ ಈರುಳ್ಳಿ, ಹುರಿದು ಜಜ್ಜಿದ ಕಡಲೆಬೀಜ, ಪುಡಿ ಮಾಡಿದ ಚಿಪ್ಸ್ ಯಾವುದಾದರೂ ಆಗುತ್ತದೆ. ಇವುಗಳ ಪಾತ್ರೆಯನ್ನು ಬಿಸಿ ಪಾತ್ರೆಗಳ ಹಬೆಯಿಂದ ದೂರವಿಡಿ.

ಹುಳಿಗೆ ಒಂದು ಕೆಂಪು ಈರುಳ್ಳಿಯನ್ನು ಕಾಗದದಷ್ಟು ತೆಳ್ಳಗೆ ಹೆಚ್ಚಿ, ಅರ್ಧ ಲೋಟ ವಿನೆಗರ್, ಒಂದು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಅರ್ಧ ಗಂಟೆ ಬಿಡಿ. ಬಣ್ಣ ಗುಲಾಬಿಯಾಗುತ್ತದೆ, ಈರುಳ್ಳಿಯ ಘಾಟು ಹೋಗಿ ಕುರುಕು ಉಳಿಯುತ್ತದೆ. ಬಡಿಸುವ ಮುಂಚೆ ಹಿಂಡಿ ತೆಗೆಯಿರಿ. ಇಷ್ಟಕ್ಕೂ ಹೊತ್ತಿಲ್ಲದಿದ್ದರೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು, ನಿಂಬೆ ಹೋಳು ಇಡಿ.

ಚೀಸನ್ನು ಗಟ್ಟಿಯಾಗಿ ತಂದು ಮನೆಯಲ್ಲೇ ತುರಿಯಿರಿ. ತುರಿದು ಪ್ಯಾಕ್ ಮಾಡಿದ್ದಕ್ಕೆ ಎಳೆಗಳು ಒಂದಕ್ಕೊಂದು ಅಂಟದಿರಲೆಂದು ಪಿಷ್ಟ ಸವರಿರುತ್ತಾರೆ, ಅದು ನುಣುಪಾಗಿ ಕರಗುವುದಿಲ್ಲ.

ಬಟ್ಟಲು ಕಟ್ಟುವ ಕ್ರಮ

ಬಟ್ಟಲು ಅಗಲವಾಗಿ, ಆಳ ಕಡಿಮೆಯಿದ್ದು 700-800 ಮಿಲಿ ಹಿಡಿಯುವಂತಿರಲಿ. ಆಳದ ಕಿರಿದಾದ ಬಟ್ಟಲಿನಲ್ಲಿ ಟಾಪಿಂಗ್ ಮೇಲೇ ಮುಗಿದು ಕೊನೆಗೆ ಬರೀ ಮ್ಯಾಶ್ ಉಳಿಯುತ್ತದೆ. ಬಿಸಿನೀರು ತುಂಬಿಸಿ ಎರಡು ನಿಮಿಷ ಬಿಟ್ಟು ಒರೆಸಿದರೆ ಬಟ್ಟಲು ಬೆಚ್ಚಗಾಗುತ್ತದೆ, ಮ್ಯಾಶ್ ಬೇಗ ಆರುವುದಿಲ್ಲ.

ಮ್ಯಾಶ್ ಹಾಕಿ, ಸೌಟಿನಿಂದ ನಡುವೆ ಗುಳಿ ಒತ್ತಿ, ಅಂಚನ್ನು ಗೋಡೆಯಂತೆ ಎಬ್ಬಿಸಿ. ಚೀಸ್ ಮೊದಲು ಗುಳಿಗೆ. ಅದರ ಮೇಲೆ ಬಿಸಿ ಗ್ರೇವಿ ಅಥವಾ ಕಾಳು ಬಿದ್ದರೆ ಕೆಳಗಿನ ಮ್ಯಾಶ್, ಮೇಲಿನ ಗ್ರೇವಿ ಎರಡರ ಬಿಸಿಗೂ ಕರಗುತ್ತದೆ. ಎಲ್ಲಕ್ಕಿಂತ ಮೇಲೆ ಉದುರಿಸಿದ ಚೀಸ್ ಹಾಗೇ ಕೂತಿರುತ್ತದೆ. ಚಿಕನ್, ಮೊಟ್ಟೆ, ತರಕಾರಿ ಗೋಡೆಯ ಮೇಲೆ, ಗುಳಿಯ ಸುತ್ತ. ಕುರುಕಲು, ಹುಳಿ ಕೊನೆಗೆ, ಬಾಯಿಗಿಡುವ ಮುಂಚೆ. ಮೇಜಿನ ಮೇಲೆ ಪಾತ್ರೆಗಳನ್ನೂ ಇದೇ ಸಾಲಿನಲ್ಲಿಡಿ, ಹೇಳದೆಯೇ ಎಲ್ಲರೂ ಕ್ರಮ ತಪ್ಪದೆ ಹಾಕಿಕೊಳ್ಳುತ್ತಾರೆ. ಪ್ರತಿ ಪಾತ್ರೆಗೂ ಅದರದ್ದೇ ಚಮಚ. ಯಾರಿಗಾದರೂ ಕಡಲೆಬೀಜದ ಅಲರ್ಜಿ ಇದ್ದರೆ ಅದನ್ನು ಮೇಜಿಗೇ ತರಬೇಡಿ, ಚಮಚ ಅದಲುಬದಲಾಗಲು ಒಂದು ಕ್ಷಣ ಸಾಕು. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಬೇಡ. ಸಾಸೇಜ್ ಕೊಡುವುದಾದರೆ ದುಂಡಗೆ ಕತ್ತರಿಸದೆ ಉದ್ದಕ್ಕೆ ಸೀಳಿ ಸಣ್ಣದಾಗಿ ಹೆಚ್ಚಿ.

ಏನು ಯಾವುದರ ಜೊತೆ ಎಂದು ಕೇಳುವವರಿಗೆ: ಅಣಬೆ ಗ್ರೇವಿ, ಚಿಕನ್, ಹುರಿದ ಜೋಳ, ಚೆಡ್ಡಾರ್, ಕರಿದ ಈರುಳ್ಳಿ ಸೇರಿದರೆ ಹೆಚ್ಚಿನವರಿಗೆ ಹಿಡಿಸುತ್ತದೆ. ರಾಜ್ಮಾ, ಗಟ್ಟಿ ಮೊಸರು, ವಿನೆಗರ್ ಈರುಳ್ಳಿ, ಪುಡಿ ಮಾಡಿದ ಚಿಪ್ಸ್ ಮಾಂಸವಿಲ್ಲದೆಯೂ ತುಂಬು ಊಟ. ಬ್ರೊಕೊಲಿ, ಅರೆಬೆಂದ ಮೊಟ್ಟೆ, ಬೆಣ್ಣೆಯಲ್ಲಿ ಹುರಿದ ಬ್ರೆಡ್ ಪುಡಿ, ನಿಂಬೆ ಇದ್ದಲ್ಲಿ ಗ್ರೇವಿಯೇ ಬೇಡ, ಹಳದಿಯೇ ಗ್ರೇವಿ.

ಹೊತ್ತು ಹೊಂದಿಸುವುದು

ಎಲ್ಲ ಸೇರಿ ಒಂದು ಗಂಟೆ ಸಾಕು, ರಾಜ್ಮಾ ಬೆಂದಿದ್ದರೆ. ಮೊದಲು ಈರುಳ್ಳಿಯನ್ನು ವಿನೆಗರ್‌ಗೆ ಹಾಕಿ, ಓವನ್ ಹಚ್ಚಿ. ಆಲೂಗಡ್ಡೆ ಒಲೆಗೇರಿದ ಮೇಲೆ ತರಕಾರಿ ಓವನ್‌ಗೆ, ಗ್ರೇವಿ ಇನ್ನೊಂದು ಒಲೆಗೆ. ಆಲೂಗಡ್ಡೆ ಬಸಿಯುವ ಮುಂಚೆ ಗ್ರೇವಿ ಮುಗಿದಿರಬೇಕು, ಅದು ಸ್ವಲ್ಪ ಹೊತ್ತು ಹಾಗೇ ಇದ್ದರೂ ಕೆಡುವುದಿಲ್ಲ. ಚಿಕನ್ ಎಲ್ಲಕ್ಕಿಂತ ಕೊನೆಗೆ.

ಮ್ಯಾಶ್ ಕಾಯಬೇಕಾಗಿ ಬಂದರೆ ಸಣ್ಣಗೆ ಕುದಿಯುವ ನೀರಿನ ಮೇಲೆ ಪಾತ್ರೆಯಿಟ್ಟು ಮುಚ್ಚಿ. ಒಂದು ಗಂಟೆ ಧಾರಾಳವಾಗಿ ಇರುತ್ತದೆ. ಹಾಟ್‌ಪಾಟ್‌ನಲ್ಲಿ ಮುಕ್ಕಾಲು ಗಂಟೆ. ಹೊತ್ತು ಹೋದಂತೆ ಗಟ್ಟಿಯಾಗುತ್ತದೆ, ಆಗ ಉಳಿಸಿಟ್ಟ 30 ಮಿಲಿ ಬಿಸಿ ಹಾಲು ಹಾಕಿ ಒಮ್ಮೆ ಮಗುಚಿ.

ಹದ ತಪ್ಪಿದಾಗ

ಜಿಗುಟಾದ ಮ್ಯಾಶ್ ಮತ್ತೆ ಮೊದಲಿನಂತಾಗುವುದಿಲ್ಲ. ಒಡೆದ ಕೋಶ ಕೂಡುವುದಿಲ್ಲ. ಇನ್ನಷ್ಟು ಹಾಲು ಹಾಕಿ ಕಲಸಿದರೆ ಮತ್ತಷ್ಟು ಕೆಡುತ್ತದೆ. ಜಿಡ್ಡು ಸವರಿದ ಟ್ರೇಯಲ್ಲಿ ತೆಳ್ಳಗೆ ಹರಡಿ, ಚೀಸ್, ಬ್ರೆಡ್ ಪುಡಿ ಉದುರಿಸಿ 200 ಡಿಗ್ರಿಯಲ್ಲಿ 20-25 ನಿಮಿಷ ಬೇಯಿಸಿ. ಮೇಲೆ ಗರಿಯಾದರೆ ಒಳಗಿನ ಜಿಗುಟು ಅಷ್ಟು ತಿಳಿಯುವುದಿಲ್ಲ, ತುಂಡು ಕತ್ತರಿಸಿ ಬಟ್ಟಲಿನ ತಳಕ್ಕಿಡಬಹುದು.

ತೆಳ್ಳಗಾಗಿದ್ದರೆ ಅಗಲ ಪಾತ್ರೆಗೆ ಹಾಕಿ ಸಣ್ಣ ಉರಿಯಲ್ಲಿ ತಳ ಹತ್ತದಂತೆ ಆಗಾಗ ಮಗುಚುತ್ತ ಆವಿ ಹೋಗಲು ಬಿಡಿ. ಒಣ ಆಲೂ ಫ್ಲೇಕ್ಸ್ ಇದ್ದರೆ ಒಂದೆರಡು ಚಮಚ ಉದುರಿಸಿದರೆ ಕೂಡಲೇ ಬಿಗಿಯಾಗುತ್ತದೆ. ಮೈದಾ, ಕಾರ್ನ್‌ಫ್ಲೋರ್ ಹಾಕಬೇಡಿ, ಹಸಿ ಹಿಟ್ಟಿನ ರುಚಿ ಬರುತ್ತದೆ. ಗಂಟುಗಳಿದ್ದರೆ ಹಾಲು ಹಾಕುವ ಮುಂಚೆಯೇ ಜರಡಿಯಲ್ಲಿ ಒತ್ತಿ. ಬೆಂದ ಹೋಳುಗಳು ಆರುತ್ತ ಬೂದು ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ಆಲೂಗಡ್ಡೆಯೊಳಗಿನ ಕಬ್ಬಿಣ, ಕ್ಲೋರೊಜೆನಿಕ್ ಆಮ್ಲ ಸೇರಿ ಹಾಗಾಗುತ್ತದೆ, ತಿನ್ನಲು ತೊಂದರೆಯಿಲ್ಲ.

ಉಳಿದದ್ದು

ಮ್ಯಾಶ್ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಅಗಲ ಡಬ್ಬಿಯಲ್ಲಿ ತೆಳುವಾಗಿ ಹರಡಿ ಫ್ರಿಜ್‌ಗೆ ಹಾಕಿದರೆ ಬೇಗ ತಣಿಯುತ್ತದೆ, ಮೂರು ದಿನ ಇರುತ್ತದೆ. ಬೆಣ್ಣೆ ಚೆನ್ನಾಗಿ ಬಿದ್ದಿರುವುದರಿಂದ ಫ್ರೀಜರಿನಲ್ಲೂ ಒಂದು ತಿಂಗಳು ಇಡಬಹುದು. ಎಣ್ಣೆ-ಸ್ಟಾಕಿನಿಂದ ಮಾಡಿದ್ದು ಕರಗುವಾಗ ನೀರು ಬಿಡುತ್ತದೆ, ಅದನ್ನು ಇಡಬೇಡಿ. ಬಿಸಿ ಮಾಡುವಾಗ 500 ಗ್ರಾಂಗೆ 40-50 ಮಿಲಿ ಹಾಲು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ನಡುವೆಯೂ ಹಬೆಯಾಡುವಂತೆ ಕಾಯಿಸಿ.

ಮರುದಿನಕ್ಕೆ ಬಿಲ್ಲೆ ಮಾಡುವುದಾದರೆ ಫ್ರಿಜ್‌ನಿಂದ ತೆಗೆದ ತಣ್ಣನೆಯ ಮ್ಯಾಶೇ ಬೇಕು. ಎರಡು ಲೋಟ ಮ್ಯಾಶ್‌ಗೆ ಒಂದು ಮೊಟ್ಟೆ, ಮೂರು ದೊಡ್ಡ ಚಮಚ ಬ್ರೆಡ್ ಪುಡಿ, ಉಳಿದ ಜೋಳ, ಚೀಸ್ ಬೆರೆಸಿ ಒಂದೂವರೆ ಸೆಂ.ಮೀ. ದಪ್ಪಕ್ಕೆ ತಟ್ಟಿ, ಬ್ರೆಡ್ ಪುಡಿಯಲ್ಲಿ ಹೊರಳಿಸಿ, ಮಧ್ಯಮ ಉರಿಯಲ್ಲಿ ಒಂದೊಂದು ಬದಿಗೆ ನಾಲ್ಕು ನಿಮಿಷ. ಮೊದಲ ಬದಿ ಗಟ್ಟಿಯಾಗಿ ಕಂದಾಗುವ ಮುಂಚೆ ತಿರುಗಿಸಲು ಹೋದರೆ ಒಡೆಯುತ್ತದೆ. ಮೊಟ್ಟೆ ಬೇಡದವರು ಎರಡು ದೊಡ್ಡ ಚಮಚ ಕಾರ್ನ್‌ಫ್ಲೋರ್ ಹಾಕಿ, ತಟ್ಟಿದ ಮೇಲೆ ಅರ್ಧ ಗಂಟೆ ಮತ್ತೆ ಫ್ರಿಜ್‌ನಲ್ಲಿಟ್ಟು ಬೇಯಿಸಿ.